ಬೆನ್ನಿನ ಚಿಕಿತ್ಸೆ: ಯಾವುದಕ್ಕೆ ಹೋಲಿಸಿದರೆ ಗುಣ?

ಸೊಂಟದಲ್ಲಿ ಹುಟ್ಟಿ, ತೊಡೆ, ಮೀನಖಂಡ ದಾಟಿ ಪಾದದವರೆಗೆ ಸೆಳೆಯುವ ನೋವು ಬಂದು, ಆಪರೇಷನ್ ಮಾಡಿಸಿಕೊಂಡು, ಮೂರು ತಿಂಗಳಲ್ಲಿ ಓಡಾಡುವಂತಾದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅದೇ ನೋವಿಗೆ ಎಣ್ಣೆ ತಿಕ್ಕಿಸಿಕೊಂಡು, ಪಟ್ಟು ಹಾಕಿಸಿಕೊಂಡು, ಮೂರು ತಿಂಗಳಲ್ಲಿ ಓಡಾಡುವಂತಾದವರೂ ಸಿಗುತ್ತಾರೆ. ಏನನ್ನೂ ಮಾಡಿಸದೆ ಸುಧಾರಿಸಿಕೊಂಡವರೂ ಇದ್ದಾರೆ. ಹೇಳಿಕೊಳ್ಳಲು ಒಂದು ಆಸ್ಪತ್ರೆಯ ಹೆಸರಾಗಲಿ, ಪಂಡಿತರ ಹೆಸರಾಗಲಿ ಇಲ್ಲದ ಕಾರಣ ಅವರ ಸುದ್ದಿ ನಮ್ಮ ಕಿವಿಗೆ ಬೀಳುವುದಿಲ್ಲ. ಮೂವರೂ ನಿಜವನ್ನೇ ಹೇಳುತ್ತಿದ್ದಾರೆ. ಆದರೆ ಯಾವುದರಿಂದ ಗುಣವಾಯಿತು ಎಂಬ ಪ್ರಶ್ನೆಗೆ ಮೂವರಲ್ಲಿ ಯಾರ ಅನುಭವವೂ ಉತ್ತರ ಕೊಡಲಾರದು.

ಬೆನ್ನುಮೂಳೆಯ ಕಾಯಿಲೆಗಳ ಸಂಶೋಧನೆ ಕಷ್ಟವಾಗಿರುವುದು ಇದೇ ಕಾರಣಕ್ಕೆ. ಮುರಿದ ತೊಡೆಮೂಳೆಯನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಬೆನ್ನುನೋವನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದು ದೀರ್ಘಕಾಲ ವೈದ್ಯರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ವಾರಗಳಲ್ಲಿ ಇಳಿಯುತ್ತದೆ, ಕೆಲವೊಮ್ಮೆ ಮರಳಿ ಬರುತ್ತದೆ. ಹೀಗೆ ತಾನಾಗಿ ಇಳಿಯುವ ನೋವಿಗೆ ಆ ಹೊತ್ತಿನಲ್ಲಿ ಯಾವ ಚಿಕಿತ್ಸೆ ನಡೆದಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು, 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ತಲುಪಬಹುದು ಎಂಬುದು ಜಾಗತಿಕ ರೋಗಭಾರ ಅಧ್ಯಯನದ ಅಂದಾಜು. ಇಷ್ಟು ಜನರ ಮೇಲೆ ನಡೆಯುವ ಚಿಕಿತ್ಸೆಯ ಬಗ್ಗೆ ರೋಗಿ ಕೇಳಬೇಕಾದ ಮೊದಲ ಪ್ರಶ್ನೆ 'ಇದರಿಂದ ಗುಣವಾಗುತ್ತದೆಯೇ' ಎಂಬುದಕ್ಕಿಂತ 'ಯಾವುದಕ್ಕೆ ಹೋಲಿಸಿದರೆ ಗುಣ' ಎಂಬುದಾಗಿರಬೇಕು ಎನ್ನುವುದು ನನ್ನ ವಾದ. ಕಳೆದ ನಲವತ್ತು ವರ್ಷಗಳ ಒಳ್ಳೆಯ ಸಂಶೋಧನೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿವೆ.

ಡಿಸ್ಕ್‌ನಿಂದಲೇ ಆರಂಭಿಸೋಣ. ಬೆನ್ನಿನ ಎರಡು ಮೂಳೆಗಳ, ಅಂದರೆ ಕಶೇರುಗಳ, ನಡುವೆ ಇರುವ ಈ ಮೆತ್ತೆಯನ್ನು ಹೋಳಿಗೆಗೆ ಹೋಲಿಸಬಹುದು: ಹೊರಗೆ ಗಟ್ಟಿಯಾದ ನಾರಿನ ಕಣಕ, ಒಳಗೆ ಮೆದುವಾದ ಹೂರಣ. ಕಣಕ ಒಂದೆಡೆ ಹರಿದರೆ ಒಳಗಿನದು ಹೊರಚಾಚಿ ಪಕ್ಕದ ನರದ ಬೇರನ್ನು ಒತ್ತುತ್ತದೆ. ಒತ್ತಡದ ಜೊತೆಗೆ ಉರಿಯೂತವೂ ಸೇರಿ ಕಾಲಿಗೆ ಸೆಳೆತ ಹಬ್ಬುತ್ತದೆ. ಸಯಾಟಿಕಾ ಎನ್ನುವ ಈ ನೋವಿಗೂ ಡಿಸ್ಕ್‌ಗೂ ಇರುವ ನಂಟನ್ನು ವೈದ್ಯಲೋಕ ಒಪ್ಪಿಕೊಂಡದ್ದು 1934ರಲ್ಲಿ, ಬಾಸ್ಟನ್ನಿನ ಶಸ್ತ್ರಚಿಕಿತ್ಸಕರಾದ ವಿಲಿಯಂ ಜೇಸನ್ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಪ್ರಕಟಿಸಿದ ಲೇಖನದಿಂದ. ಅದಕ್ಕೂ ಮೊದಲು ಆಪರೇಷನ್‌ನಲ್ಲಿ ಹೊರತೆಗೆದ ಅದೇ ತುಣುಕುಗಳನ್ನು ಗೆಡ್ಡೆಗಳೆಂದು ಭಾವಿಸಿದ್ದುಂಟು. ಕಾರಣ ತಿಳಿದ ಮೇಲೆ ಉಪಾಯ ಸರಳವಾಗಿ ಕಂಡಿತು: ಒತ್ತುತ್ತಿರುವುದನ್ನು ತೆಗೆದುಬಿಡುವುದು. ಮುಂದಿನ ಅರ್ಧ ಶತಮಾನ ಡಿಸ್ಕ್ ಶಸ್ತ್ರಚಿಕಿತ್ಸೆಯದೇ ಆಯಿತು.

ಆದರೆ ಹೊರಚಾಚಿದ ತುಣುಕನ್ನು ದೇಹ ಸುಮ್ಮನೆ ಬಿಡುವುದಿಲ್ಲ. ರಕ್ತದ ರಕ್ಷಕ ಕೋಶಗಳು ಅದನ್ನು ಹೊರಗಿನ ವಸ್ತುವೆಂಬಂತೆ ಕಂಡು ಕರಗಿಸುತ್ತವೆ. ಇದರಲ್ಲೊಂದು ವಿಚಿತ್ರವಿದೆ. ಸ್ಕ್ಯಾನ್‌ನಲ್ಲಿ ನೋಡಿದರೆ ಹೆದರಿಕೆ ಹುಟ್ಟಿಸುವ, ಪೂರ್ತಿ ಕಡಿದು ಬೇರಾದ ತುಣುಕುಗಳೇ ಹೆಚ್ಚು ಕರಗುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆಯಲ್ಲಿ ಅಂಥ ತುಣುಕುಗಳ ಪೈಕಿ ಶೇ 96ರಷ್ಟು ತಾವಾಗಿ ಕುಗ್ಗಿದ್ದವು. ಬರೀ ಉಬ್ಬಿದ ಡಿಸ್ಕ್‌ಗಳಲ್ಲಿ ಕುಗ್ಗಿದ್ದು ಶೇ 13 ಮಾತ್ರ. ವರದಿ ಹಿಡಿದು ನಡುಗುವ ಕೈಗಳಿಗೆ ಈ ಮಾತು ತಲುಪಬೇಕು.

ಹಾಗಾದರೆ ಆಪರೇಷನ್ ಬೇಡವೇ? ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಸ್ಪಷ್ಟವಾದ ಉತ್ತರ ನೆದರ್‌ಲ್ಯಾಂಡ್ಸ್‌ನಿಂದ 2007ರಲ್ಲಿ ಬಂತು. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ್ದ 283 ಮಂದಿಯನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ. ಇನ್ನೊಂದು ಗುಂಪು ಮಾತ್ರೆ, ಸಲಹೆ, ಬೇಕಾದವರಿಗೆ ಫಿಸಿಯೊಥೆರಪಿಯೊಂದಿಗೆ ಕಾಯುವುದು. ತಾಳಲಾಗದಿದ್ದರೆ ಆಗ ಆಪರೇಷನ್. ಕಾಯುವ ಗುಂಪಿನಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಶೇ 39. ಆ ಅವಧಿಯಲ್ಲಿ ಉಳಿದವರಿಗೆ ಕತ್ತರಿಯ ಅಗತ್ಯವೇ ಬೀಳಲಿಲ್ಲ. ಬೇಗ ಆಪರೇಷನ್ ಆದವರ ಕಾಲುನೋವು ಬೇಗ ಇಳಿಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಶೇ 95ರಷ್ಟು ಜನ 'ಗುಣವಾಗಿದ್ದೇವೆ' ಎಂದರು.

ಇದರ ಅರ್ಥವನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ವ್ಯರ್ಥ ಎಂದು ಈ ಅಧ್ಯಯನ ಹೇಳುತ್ತಿಲ್ಲ. ಅದು ಕೊಡುವುದು ಮುಖ್ಯವಾಗಿ ಸಮಯವನ್ನು ಎಂದು ಹೇಳುತ್ತಿದೆ. ರಾತ್ರಿಯಿಡೀ ನಿದ್ದೆಯಿಲ್ಲದೆ, ಕೆಲಸಕ್ಕೆ ಹೋಗಲಾಗದೆ, ಮನೆ ನಡೆಸುವ ಜವಾಬ್ದಾರಿ ಹೊತ್ತವರಿಗೆ ಕೆಲವು ತಿಂಗಳು ಮೊದಲೇ ನೋವು ಇಳಿಯುವುದು ಸಣ್ಣ ಲಾಭವೇನಲ್ಲ. ಇನ್ನೊಬ್ಬರಿಗೆ ಅರಿವಳಿಕೆಯ ಭಯ, ಖರ್ಚಿನ ಭಾರ ಅದಕ್ಕಿಂತ ದೊಡ್ಡದಿರಬಹುದು. ಆಯ್ಕೆ ರೋಗಿಯದು. ಆದರೆ 'ಈಗಲೇ ಮಾಡಿಸದಿದ್ದರೆ ಕಾಲೇ ಹೋಗುತ್ತದೆ' ಎಂಬ ಹೆದರಿಕೆಯ ನೆರಳಿನಲ್ಲಿ ಆ ಆಯ್ಕೆ ನಡೆಯಬಾರದು. ಕಾಲಿನ ಬಲ ಕುಂದುತ್ತಾ ಹೋಗುತ್ತಿಲ್ಲದ, ಮಲಮೂತ್ರದ ನಿಯಂತ್ರಣ ತಪ್ಪದ ಬಹುಪಾಲು ರೋಗಿಗಳ ವಿಷಯದಲ್ಲಿ ಆ ಮಾತಿಗೆ ಆಧಾರವಿಲ್ಲ.

ಅಮೆರಿಕದಲ್ಲಿ ಜೇಮ್ಸ್ ವೈನ್‌ಸ್ಟೀನ್ ಅವರ ನೇತೃತ್ವದಲ್ಲಿ ನಡೆದ 'ಸ್ಪೋರ್ಟ್' ಎಂಬ ಅಧ್ಯಯನ ಇದಕ್ಕಿಂತ ದೊಡ್ಡದು. 11 ರಾಜ್ಯಗಳ 13 ಕೇಂದ್ರಗಳು ಸೇರಿ ನಡೆಸಿದ ಇದರ ಡಿಸ್ಕ್ ಭಾಗದ ಫಲಿತಾಂಶ 2006ರಲ್ಲಿ ಬಂತು. ಚೀಟಿಯಂತೆ ಹಂಚಿಕೆಯಾದ 501 ರೋಗಿಗಳಲ್ಲಿ ಬಹಳ ಮಂದಿ ತಮಗೆ ಬಂದ ಪಾಲನ್ನು ಒಪ್ಪಲಿಲ್ಲ. ಮೂರು ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಚೀಟಿ ಬಂದವರಲ್ಲಿ ಅರ್ಧದಷ್ಟು ಜನ ಮಾತ್ರ ಮಾಡಿಸಿಕೊಂಡಿದ್ದರು. ಕಾಯಬೇಕಿದ್ದವರಲ್ಲಿ ಶೇ 30ರಷ್ಟು ಮಂದಿ ಮಾಡಿಸಿಕೊಂಡಾಗಿತ್ತು. ನೋವು ಕಡಿಮೆಯಾದವರು ಆಪರೇಷನ್ ಬೇಡವೆಂದರು, ನೋವು ಹೆಚ್ಚಿದವರು ಕಾಯಲಾರೆವೆಂದರು. ಮನುಷ್ಯರು ಹಾಗೆ ಮಾಡುವುದು ಸಹಜ, ಆದರೆ ಲೆಕ್ಕ ಹಾಕುವವರಿಗೆ ದೊಡ್ಡ ತೊಡಕು. ಮೂಲ ಚೀಟಿಯ ಪ್ರಕಾರ ಎಣಿಸಿದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸಣ್ಣದು. ನಿಜಕ್ಕೂ ಯಾವ ಚಿಕಿತ್ಸೆ ಪಡೆದರೋ ಅದರ ಪ್ರಕಾರ ಎಣಿಸಿದರೆ ಶಸ್ತ್ರಚಿಕಿತ್ಸೆಯ ಲಾಭ ಎದ್ದು ಕಾಣುತ್ತದೆ. ಆದರೆ ಆಗ ಚೀಟಿ ಎತ್ತಿದ್ದರ ಪ್ರಯೋಜನವೇ ಉಳಿಯುವುದಿಲ್ಲ, ಏಕೆಂದರೆ ಯಾರು ಯಾವ ಕಡೆಗೆ ಹೋದರು ಎಂಬುದನ್ನು ಅವರ ನೋವು, ಆಸೆ, ನಂಬಿಕೆಗಳು ನಿರ್ಧರಿಸಿವೆ. ಎರಡೂ ಲೆಕ್ಕಗಳನ್ನು ಮುಚ್ಚಿಡದೆ ಮುಂದಿಟ್ಟದ್ದು ಆ ತಂಡದ ದೊಡ್ಡತನ. ಎರಡೂ ಗುಂಪಿನವರು ಕಾಲಕ್ರಮದಲ್ಲಿ ಗಣನೀಯವಾಗಿ ಸುಧಾರಿಸಿದರು ಎಂಬುದು ಎರಡೂ ಲೆಕ್ಕಗಳಲ್ಲಿ ಬದಲಾಗದೆ ಉಳಿಯುವ ಮಾತು.

ಇಲ್ಲಿ ಎಂಆರ್‌ಐ ಬಗ್ಗೆ ಒಂದು ಮಾತು ಸೇರಿಸಲೇಬೇಕು. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಮಂದಿಯ ಸ್ಕ್ಯಾನ್ ತೆಗೆದರು. ಅವರಲ್ಲಿ ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ 36 ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು, ಕಾಲು ಭಾಗಕ್ಕಿಂತ ಹೆಚ್ಚು ಜನರಲ್ಲಿ ಹೊರಚಾಚಿತ್ತು. ವಯಸ್ಸಾದಂತೆ ಕೂದಲು ನೆರೆಯುವುದು ಎಷ್ಟು ಸಾಮಾನ್ಯವೋ ಡಿಸ್ಕ್ ಸವೆಯುವುದೂ ಅಷ್ಟೇ ಸಾಮಾನ್ಯ ಎಂಬುದನ್ನು ಮುಂದಿನ ಅಧ್ಯಯನಗಳು ಗಟ್ಟಿ ಮಾಡಿವೆ. ನಮ್ಮಲ್ಲಿ 'ಎಲ್4-ಎಲ್5 ಗ್ಯಾಪ್ ಬಂದಿದೆ' ಎಂಬ ಒಂದು ಸಾಲು ಕೇಳಿ ಗಟ್ಟಿಮುಟ್ಟಾದ ಜನ ಬಿಂದಿಗೆ ಎತ್ತುವುದನ್ನು, ಹೊಲಕ್ಕೆ ಬಗ್ಗುವುದನ್ನು ಬಿಟ್ಟು ಕೂರುತ್ತಾರೆ. ಸ್ಕ್ಯಾನ್‌ನಲ್ಲಿ ಕಂಡದ್ದು ರೋಗಿಯ ನೋವಿನ ಜಾಗ, ಕಾಲಿನ ಜೋಮು, ಪರೀಕ್ಷೆಯಲ್ಲಿ ಸಿಕ್ಕ ಲಕ್ಷಣ ಇವುಗಳೊಂದಿಗೆ ತಾಳೆಯಾದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಹೋಲಿಕೆಯಿಲ್ಲದ ನಂಬಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ವರ್ಟಿಬ್ರೊಪ್ಲಾಸ್ಟಿಯ ಕಥೆ ನೋಡಬೇಕು. ಮೂಳೆ ಸವೆತದಿಂದ ಕುಸಿದ ಕಶೇರಿನೊಳಕ್ಕೆ ಸೂಜಿಯ ಮೂಲಕ ವೈದ್ಯಕೀಯ ಸಿಮೆಂಟ್ ತುಂಬುವ ಈ ವಿಧಾನ 1980ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿ ಬೇಗನೆ ಹರಡಿತು. ಕುಸಿದ ಮೂಳೆಗೆ ಆಧಾರ ಸಿಕ್ಕರೆ ನೋವು ಇಳಿಯುತ್ತದೆ ಎಂಬ ತರ್ಕವೂ ಚೆನ್ನಾಗಿತ್ತು, ರೋಗಿಗಳೂ ಆರಾಮವಾಯಿತೆಂದರು. 2009ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಪ್ರಕಟವಾದವು: ಆಸ್ಟ್ರೇಲಿಯಾದಲ್ಲಿ ರಾಶೆಲ್ ಬುಚ್‌ಬೈಂಡರ್ ತಂಡದ್ದು 78 ರೋಗಿಗಳ ಮೇಲೆ, ಅಮೆರಿಕದ ಡೇವಿಡ್ ಕಾಲ್ಮ್ಸ್ ತಂಡದ್ದು 131 ರೋಗಿಗಳ ಮೇಲೆ. ಅರ್ಧದಷ್ಟು ಜನರಿಗೆ ನಿಜವಾದ ಸಿಮೆಂಟ್. ಉಳಿದವರನ್ನೂ ಅದೇ ಕೋಣೆಗೆ ಕರೆದೊಯ್ದರು, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು, ಸಿಮೆಂಟ್ ಕಲಸಿ ಅದರ ಕಟುವಾದ ವಾಸನೆ ಮೂಗಿಗೆ ತಾಗುವಂತೆ ಮಾಡಿದರು. ಸಿಮೆಂಟನ್ನು ಮಾತ್ರ ಒಳಗೆ ಬಿಡಲಿಲ್ಲ. ತಮಗೆ ಯಾವುದು ಸಿಗಬಹುದೆಂಬ ಅನಿಶ್ಚಯವನ್ನು ಮೊದಲೇ ತಿಳಿದು ಒಪ್ಪಿಕೊಂಡಿದ್ದ ರೋಗಿಗಳು ಇವರು. ಎರಡೂ ಗುಂಪುಗಳಲ್ಲಿ ನೋವು ಇಳಿಯಿತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ.

ಈ ವಿಷಯದ ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ. ಕುಸಿದು ಆರು ವಾರ ಕಳೆಯದ, ತೀವ್ರ ನೋವಿನ 120 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಆಸ್ಟ್ರೇಲಿಯನ್ ಅಧ್ಯಯನದಲ್ಲಿ ಸಿಮೆಂಟ್ ಪಡೆದವರಿಗೆ ಹೆಚ್ಚು ಆರಾಮ ಸಿಕ್ಕಿತು. ಹಾಗಾಗಿ ಯಾರಿಗೆ, ಯಾವಾಗ ಎಂಬ ವಾದ ಇನ್ನೂ ನಡೆದಿದೆ. ಇಂಥ ವಾದ ನಡೆಯುತ್ತಿರುವುದು ಒಳ್ಳೆಯ ಲಕ್ಷಣವೆಂದೇ ನಾನು ಭಾವಿಸುತ್ತೇನೆ.

ಔಷಧಗಳ ಕಥೆಯೂ ಇದೇ ಜಾಡಿನದು. ದಿಢೀರನೆ ಬಂದ ಸೊಂಟನೋವಿಗೆ ಪ್ಯಾರಾಸಿಟಮಾಲ್ ಕೊಟ್ಟು ನೋಡಿದ, 1,600ಕ್ಕೂ ಹೆಚ್ಚು ಜನರಿದ್ದ ಆಸ್ಟ್ರೇಲಿಯಾದ 2014ರ ಅಧ್ಯಯನದಲ್ಲಿ ಗುಣವಾಗಲು ಹಿಡಿದ ಮಧ್ಯಮ ಅವಧಿ ಔಷಧ ತೆಗೆದುಕೊಂಡವರಲ್ಲಿ 17 ದಿನ, ಹುಸಿ ಮಾತ್ರೆ ನುಂಗಿದವರಲ್ಲಿ 16 ದಿನ. ಸಯಾಟಿಕಾಕ್ಕೆ ನಮ್ಮಲ್ಲೂ ಧಾರಾಳವಾಗಿ ಬರೆಯುವ ಪ್ರಿಗ್ಯಾಬಲಿನ್ 2017ರ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಹೆಚ್ಚು ನೋವಿಳಿಸಲಿಲ್ಲ, ತಲೆಸುತ್ತನ್ನು ಮಾತ್ರ ಹೆಚ್ಚಿಸಿತು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ ಎಂದು ಇದಕ್ಕೆ ಅರ್ಥವಲ್ಲ. ಮುಂದಿನ ಭೇಟಿಯಲ್ಲಿ ವಿಚಾರಿಸಬಹುದು.

ಹಾಸಿಗೆ ಹಿಡಿದು ಮಲಗುವ ಸಲಹೆಯ ಬಗ್ಗೆ ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗ ಪ್ರಸಿದ್ಧ. 186 ಮಂದಿಯಲ್ಲಿ ಎರಡು ದಿನ ಮಲಗಿದವರಿಗಿಂತಲೂ, ಬೆನ್ನಿನ ವ್ಯಾಯಾಮ ಮಾಡಿದವರಿಗಿಂತಲೂ, ನೋವು ಬಿಟ್ಟುಕೊಟ್ಟ ಮಟ್ಟಿಗೆ ಎಂದಿನ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿದರು. ಇದನ್ನು ನಮ್ಮ ವೈದ್ಯರೂ ಈಗ ಹೇಳುತ್ತಾರೆ. ಆದರೆ ಆ 186 ಮಂದಿ ಹೆಲ್ಸಿಂಕಿ ನಗರಾಡಳಿತದ ನೌಕರರಾಗಿದ್ದರು ಎಂಬುದನ್ನು ಮರೆಯಬಾರದು. ಎಪಿಎಂಸಿ ಯಾರ್ಡಿನ ಹಮಾಲಿಗೆ ಎಂದಿನ ಕೆಲಸವೆಂದರೆ ಮೂಟೆ ಹೊರುವುದು. ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಗಳಿಗೆ ದಿನವಿಡೀ ಬಗ್ಗಿ ನಿಲ್ಲುವುದು. ಅವರಿಗೆ ಯಾವ ಕೆಲಸ, ಎಷ್ಟು ದಿನ, ಯಾವ ಮಾರ್ಪಾಡಿನೊಂದಿಗೆ ಎಂದು ಬಿಡಿಸಿ ಹೇಳದ ಸಲಹೆ ಅರ್ಧ ಸಲಹೆಯಷ್ಟೇ.

ಭಾರತಕ್ಕೆ ಸಂಬಂಧಿಸಿದಂತೆ ಬೆನ್ನಿನ ಸಂಶೋಧನೆಯ ಅತ್ಯಂತ ಹೆಮ್ಮೆಯ ಅಧ್ಯಾಯ ಬೆನ್ನುಮೂಳೆಯ ಟಿ.ಬಿ.ಯದು. ಶ್ವಾಸಕೋಶದಿಂದ ರಕ್ತದ ಮೂಲಕ ಬಂದ ರೋಗಾಣು ಕಶೇರುಗಳನ್ನು ತಿಂದು ಕುಸಿಯುವಂತೆ ಮಾಡುತ್ತದೆ. ಬೆನ್ನು ಗೂನಾಗುತ್ತದೆ, ಕೆಲವರಿಗೆ ಕಾಲುಗಳು ಸ್ವಾಧೀನ ಕಳೆದುಕೊಳ್ಳುತ್ತವೆ. ಒಂದು ಕಾಲದಲ್ಲಿ ಇದಕ್ಕಿದ್ದ ಉಪಚಾರವೆಂದರೆ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಬಿಗಿದು ಮಲಗಿಸುವುದು. ಔಷಧಗಳು ಬಂದ ಮೇಲೆ, ಹಾಂಕಾಂಗ್‌ನ ಆರ್ಥರ್ ಹಾಡ್ಜ್‌ಸನ್ ಮುಂಭಾಗದಿಂದ ಪ್ರವೇಶಿಸಿ ರೋಗಗ್ರಸ್ತ ಮೂಳೆಯನ್ನೆಲ್ಲ ತೆಗೆದು ಬೇರೆ ಮೂಳೆ ಕೂಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಅಂಥ ಆಪರೇಷನ್ ಮಾಡುವ ಸೌಲಭ್ಯ ಬಡ ದೇಶಗಳಲ್ಲಿ ಎಷ್ಟು ಕಡೆ ಇತ್ತು?

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1960ರ ದಶಕದಲ್ಲಿ ಕೊರಿಯಾದ ಮಸಾನ್ ಮತ್ತು ಪುಸಾನ್, ಇಂದಿನ ಜಿಂಬಾಬ್ವೆಯ ಬುಲವಾಯೊ, ಹಾಂಕಾಂಗ್‌ಗಳಲ್ಲಿ ಒಂದೊಂದು ನಂಬಿಕೆಯನ್ನೂ ಹೋಲಿಕೆಗೆ ಒಡ್ಡಿತು. ಮಸಾನ್‌ನಲ್ಲಿ ಆರು ತಿಂಗಳು ಹಾಸಿಗೆಯಲ್ಲಿದ್ದವರನ್ನು, ಮೊದಲ ದಿನದಿಂದಲೂ ಓಡಾಡುತ್ತ ಔಷಧ ತೆಗೆದುಕೊಂಡವರೊಂದಿಗೆ ಹೋಲಿಸಿದರು: ಹಾಸಿಗೆಯಿಂದ ಲಾಭವಿಲ್ಲ. ಪುಸಾನ್‌ನಲ್ಲಿ ಪ್ಲಾಸ್ಟರ್ ಕವಚ: ಅದರಿಂದಲೂ ಇಲ್ಲ. ಹಾಂಕಾಂಗ್‌ನ ದೊಡ್ಡ ಆಪರೇಷನ್ನಿಗೆ ಮಾತ್ರ ಒಂದು ನಿಜವಾದ ಗುಣ ಕಂಡಿತು: ಮೂಳೆ ಬೇಗ ಬೆಸೆಯುತ್ತಿತ್ತು, ಗೂನು ಕಡಿಮೆ ಬೆಳೆಯುತ್ತಿತ್ತು.

ಆಮೇಲೆ ಮದ್ರಾಸಿನ ಕ್ಷಯ ಸಂಶೋಧನಾ ಕೇಂದ್ರದ ಸರದಿ. ಓಡಾಡಲಾಗದಷ್ಟು ಕಾಲಿನ ಬಲಹೀನತೆ ಇಲ್ಲದ 304 ರೋಗಿಗಳನ್ನು ಮೂರು ಗುಂಪು ಮಾಡಿ, ಆರು ತಿಂಗಳು ಔಷಧ, ಒಂಬತ್ತು ತಿಂಗಳು ಔಷಧ, ದೊಡ್ಡ ಆಪರೇಷನ್ನಿನ ಜೊತೆ ಆರು ತಿಂಗಳು ಔಷಧ ಎಂದು ಹಂಚಿದರು. ಔಷಧ ಮಾತ್ರ ಪಡೆದವರು ಮನೆಯಲ್ಲಿದ್ದು, ಓಡಾಡಿಕೊಂಡು ಚಿಕಿತ್ಸೆ ಪಡೆದರು. ಹತ್ತು ವರ್ಷ ಬೆನ್ನು ಬಿಡದೆ ಅವರನ್ನೆಲ್ಲ ಹಿಂಬಾಲಿಸಿ 1999ರಲ್ಲಿ ವರದಿ ಕೊಟ್ಟರು. ಮೂರೂ ಗುಂಪುಗಳಲ್ಲಿ ಶೇ 90 ಅಥವಾ ಅದಕ್ಕಿಂತ ಹೆಚ್ಚು ರೋಗಿಗಳ ಸ್ಥಿತಿ ತೃಪ್ತಿಕರವಾಗಿತ್ತು. ಆಪರೇಷನ್ ಆದವರು ಉಳಿದವರಿಗಿಂತ ಮುಂದಿರಲಿಲ್ಲ. ಆ ವರದಿಗೂ ಬಹಳ ಮೊದಲು ವಾರಾಣಸಿಯ ಎಸ್.ಎಂ. ತೂಲಿ ಎಲ್ಲರಿಗೂ ಔಷಧ, ಔಷಧಕ್ಕೆ ಬಗ್ಗದವರಿಗೆ, ನರಬಾಧೆ ಕಡಿಮೆಯಾಗದವರಿಗೆ ಮಾತ್ರ ಕತ್ತರಿ ಎಂಬ ಮಧ್ಯಮ ಮಾರ್ಗವನ್ನು ರೂಪಿಸಿ 1975ರಲ್ಲೇ ಪ್ರಕಟಿಸಿದ್ದರು. ಸೌಲಭ್ಯದ ಕೊರತೆಯಿಂದ ಹುಟ್ಟಿದ ಆ ದಾರಿಯನ್ನು ಇಂದು ಶ್ರೀಮಂತ ದೇಶಗಳ ಪಠ್ಯಪುಸ್ತಕಗಳೂ ಬೋಧಿಸುತ್ತವೆ.

ಮದ್ರಾಸಿನ ಕೆಲಸಕ್ಕೆ ಒಂದು ಮುಂದುವರಿಕೆಯಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಬೆನ್ನುಮೂಳೆಯ ಟಿ.ಬಿ.ಗೆ ತುತ್ತಾದ ಮಕ್ಕಳನ್ನು ಹದಿನೈದು ವರ್ಷ ಗಮನಿಸಿದರು. ಕೆಲವು ಮಕ್ಕಳಲ್ಲಿ ರೋಗ ಪೂರ್ತಿ ವಾಸಿಯಾದ ಮೇಲೂ, ಬೆಳೆಯುವ ವಯಸ್ಸಿನುದ್ದಕ್ಕೂ ಗೂನು ಹೆಚ್ಚುತ್ತಲೇ ಹೋಗುತ್ತಿತ್ತು. ಯಾವ ಮಗುವಿಗೆ ಹೀಗಾಗಬಹುದು ಎಂಬುದನ್ನು ಮೊದಲೇ ಹೇಳಬಲ್ಲ ಎಕ್ಸ್‌ರೇ ಚಿಹ್ನೆಗಳನ್ನು ಅವರು 2001ರಲ್ಲಿ ಮುಂದಿಟ್ಟರು. ಔಷಧ ಸಾಕು ಎಂಬ ದೊಡ್ಡ ನಿಯಮದೊಳಗೆ, ಯಾರಿಗೆ ಸಾಲದು ಎಂಬುದನ್ನು ಹುಡುಕಿ ಕೊಟ್ಟ ಕೆಲಸ ಇದು. ಒಂದು ಎಚ್ಚರಿಕೆ: ಮೂಳೆಯ ಟಿ.ಬಿ.ಗೆ ಭಾರತದ ಇಂದಿನ ಮಾರ್ಗಸೂಚಿಗಳು ಕನಿಷ್ಠ ಒಂದು ವರ್ಷದ ಔಷಧವನ್ನು ಸೂಚಿಸುತ್ತವೆ. ನೋವು ಹೋಯಿತೆಂದು ಯಾರೂ ನಡುವೆ ನಿಲ್ಲಿಸಬಾರದು.

ಇಷ್ಟೆಲ್ಲ ಸಂಶೋಧನೆಗಳಲ್ಲಿ 'ಗುಣ' ಎಂಬುದನ್ನು ಅಳೆಯುವುದು ಹೇಗೆ? ಬಹುತೇಕ ರೋಗಿಯನ್ನೇ ಕೇಳಿ. ಇಂಗ್ಲೆಂಡಿನ ಆಸ್ವೆಸ್ಟ್ರಿಯಲ್ಲಿ ರೂಪುಗೊಂಡು 1980ರಲ್ಲಿ ಪ್ರಕಟವಾದ ಪ್ರಶ್ನಾವಳಿ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಭಾರ ಎತ್ತುವುದು, ನಡೆಯುವುದು, ನಿಲ್ಲುವುದು, ನಿದ್ದೆ, ಪ್ರಯಾಣ ಹೀಗೆ ಹತ್ತು ವಿಷಯಗಳನ್ನು ಅದು ವಿಚಾರಿಸುತ್ತದೆ. ಕೂರುವುದರ ಬಗ್ಗೆ ಅದು ಕೇಳುವುದು ಕುರ್ಚಿಯನ್ನು ಕುರಿತು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲಾಗುತ್ತದೆಯೇ, ಕುಕ್ಕರಗಾಲಲ್ಲಿ ಕೂತು ಶೌಚ ಮುಗಿಸಿ ಏಳಲಾಗುತ್ತದೆಯೇ ಎಂದು ಕೇಳುವುದಿಲ್ಲ. ನಮ್ಮ ಹಳ್ಳಿಯ ಅಜ್ಜಿಗೆ ಗುಣವೆಂದರೆ ಮೊದಲು ಅದೇ. ಇಲ್ಲಿ ನಡೆಯುವ ಸಂಶೋಧನೆ ಅದನ್ನು ಕೇಳಬೇಕು. ಕೇಳದಿದ್ದರೆ ರೋಗಿಯೇ ವೈದ್ಯರಿಗೆ ಹೇಳಬೇಕು.

ಕಾಯುವುದರ ಬಗ್ಗೆ ಇಷ್ಟು ಬರೆದ ಮೇಲೆ ಕಾಯಬಾರದ ಸಂದರ್ಭಗಳನ್ನು ಒತ್ತಿ ಹೇಳುವುದು ನನ್ನ ಹೊಣೆ. ಬೆನ್ನು ಅಥವಾ ಕಾಲುನೋವಿನ ಜೊತೆಗೆ ಮೂತ್ರ ಕಟ್ಟಿದರೆ, ಗೊತ್ತಾಗದೆ ಹೋಗತೊಡಗಿದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶವೇ ತಿಳಿಯದಂತೆ ಜೋಮು ಹಿಡಿದರೆ, ಎರಡೂ ಕಾಲುಗಳು ಸೋಲತೊಡಗಿದರೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ತಡವಾದರೆ ಹೋದ ನಿಯಂತ್ರಣ ಮರಳದೇ ಇರಬಹುದು. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಸಂಜೆಯ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನುನೋವು, ವಯಸ್ಸಾದವರು ಬಿದ್ದ ಮೇಲಿನ ನೋವು ಇವೂ ತಡಮಾಡದೆ ತೋರಿಸಬೇಕಾದವು. ಮೇಲೆ ಹೇಳಿದ ಅಧ್ಯಯನಗಳ ಸಮಾಧಾನ ಇಂಥವರಿಗಲ್ಲ.

ಈ ಜ್ಞಾನದ ಹೆಚ್ಚಿನ ಪಾಲು ಬಂದದ್ದು ಚೀಟಿಯಲ್ಲಿ ಏನು ಬಂದರೂ ಸರಿ ಎಂದು ಒಪ್ಪಿದ ರೋಗಿಗಳಿಂದ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ಇಂದು ಬೆನ್ನಿನ ರೋಗಿಗಳನ್ನು ಅಧ್ಯಯನಕ್ಕೆ ಸೇರುವಂತೆ ಕೇಳುತ್ತಾರೆ. ಕೇಳಿದಾಗ ಹೆದರಬೇಕಾಗಿಲ್ಲ, ಕಣ್ಣುಮುಚ್ಚಿ ಸಹಿ ಹಾಕಬೇಕಾಗಿಯೂ ಇಲ್ಲ. ಚಿಕಿತ್ಸಾ ಪ್ರಯೋಗಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಆರಂಭಿಸಿದ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿರಬೇಕು. ಅದರ ಸಂಖ್ಯೆಯನ್ನು ಕೇಳಿ ಪಡೆಯಿರಿ. ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ, ನನ್ನ ಗುಂಪಿಗೆ ಏನು ಸಿಗುತ್ತದೆ, ಇನ್ನೊಂದು ಗುಂಪಿಗೆ ಏನು, ತೊಂದರೆಯಾದರೆ ಖರ್ಚು ಯಾರದು ಎಂದು ವಿಚಾರಿಸಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಸಾಕ್ಷಿಯ ಮುಂದೆ ಓದಿ ಹೇಳಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಮನೆಗೆ ಒಯ್ದು ಮಕ್ಕಳೊಂದಿಗೆ ಮಾತಾಡಿ ಬರುತ್ತೇನೆ ಎಂದರೆ ಯಾರೂ ಬೇಡವೆನ್ನುವಂತಿಲ್ಲ. ಸೇರದಿದ್ದರೂ, ನಡುವೆ ಹೊರಬಂದರೂ ನಿಮಗೆ ಸಲ್ಲಬೇಕಾದ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ.